ಫೋಟೊ, ಹಾಡು, ತಾಳಮದ್ದಳೆ: ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಒಂದೂ ಕಳೆಯದಂತೆ ಸಾಗಿಸುವ ಕ್ರಮ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಆಮೇಲೆ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯ ನೆಂಟರ ಮನೆಗಳಿಂದ ನನಗೆ ಬರುವ ಫೋನು ಜಾಸ್ತಿಯಾಗಿದೆ. ಮಾತು ಎಲ್ಲರದ್ದೂ ಒಂದೇ. "ಹೊಸ ಲ್ಯಾಪ್‌ಟಾಪ್ ತಂದೆವು, ಎಲ್ಲ ಅದಕ್ಕೆ ಹಾಕಿದೆವು, ಈಗ ಮದುವೆಯ ಫೋಟೊ ಅರ್ಧವೇ ಇದೆ ಮಾರಾಯ್ರೆ."

ಹೋಗಿ ನೋಡಿದರೆ ತಪ್ಪೂ ಹೆಚ್ಚುಕಡಿಮೆ ಒಂದೇ. ಕಾಪಿ ಮಾಡುವ ಬದಲು ಕಟ್ ಮಾಡಿರುತ್ತಾರೆ. ಸಾಗಿಸುತ್ತಲೇ ಫೋಲ್ಡರ್ ಜೋಡಿಸಲು ಹೊರಟಿರುತ್ತಾರೆ. ಲೆಕ್ಕ ನೋಡದೆ ಹಳೆಯದನ್ನು ಅಳಿಸಿರುತ್ತಾರೆ. ಮನೆ ಬದಲಿಸುವಾಗ ಪಾತ್ರೆ ತೊಳೆಯುತ್ತಾ ಕೂರುವುದಿಲ್ಲ, ಅಲ್ವಾ? ಹಾಗೆಯೇ ಇಲ್ಲೂ ಮೊದಲು ಇದ್ದದ್ದು ಇದ್ದ ಹಾಗೆ ಹೋಗಲಿ. ಜೋಡಿಸುವುದು, ಹೆಸರಿಡುವುದು, ಬೇಡದ್ದನ್ನು ತೆಗೆಯುವುದು ಆಮೇಲೆ.

ಕೆಳಗಿನದು ವಿಂಡೋಸಿನಿಂದ ವಿಂಡೋಸಿಗೆ ಹೋಗುವವರಿಗೆ. ಹಂತಗಳ ಕ್ರಮ ಮಾತ್ರ ಬದಲಿಸಬೇಡಿ.

## ಮೊದಲು ಕೈಯಲ್ಲಿ ಇರಬೇಕಾದ್ದು

ಒಂದು ಪೋರ್ಟಬಲ್ ಹಾರ್ಡ್ ಡಿಸ್ಕ್ ಬೇಕು. ನಿಮ್ಮ ಒಟ್ಟು ಫೋಟೊ, ಹಾಡುಗಳ ಎರಡು ಪಟ್ಟು ಜಾಗ ಅದರಲ್ಲಿ ಇರಲಿ. 1 ಟಿಬಿ ಎಂದು ಬರೆದ ಡಿಸ್ಕನ್ನು ವಿಂಡೋಸ್ ಸುಮಾರು 931 ಜಿಬಿ ಎಂದು ತೋರಿಸುತ್ತದೆ. ಅದು ಮೋಸ ಅಲ್ಲ, ಎಣಿಸುವ ರೀತಿ ಬೇರೆ ಅಷ್ಟೆ. ಮೋಸ ಇರುವುದು ಬೇರೆ ಕಡೆ: ಮುನ್ನೂರು ನಾನ್ನೂರು ರೂಪಾಯಿಗೆ ಸಿಗುವ 2 ಟಿಬಿ ಪೆನ್‌ಡ್ರೈವ್. ಅದರೊಳಗೆ ಇರುವುದು 16 ಅಥವಾ 32 ಜಿಬಿ ಮಾತ್ರ. ಅದು ತುಂಬಿದ ಮೇಲೂ ಕಾಪಿ ಆಗುತ್ತಲೇ ಇರುವ ಹಾಗೆ ತೋರಿಸುತ್ತದೆ, ಫೈಲ್ ಹೆಸರುಗಳೂ ಕಾಣುತ್ತವೆ. ತೆರೆದರೆ ಏನೂ ಇಲ್ಲ. ಗಲ್ಫಿನಿಂದ ಬಂದವರು ಉಡುಗೊರೆ ಕೊಟ್ಟದ್ದಾದರೂ ಸರಿ, ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ಪ್ರೋಗ್ರಾಮಿನಿಂದ ಪರೀಕ್ಷೆ ಮಾಡದೆ ನಂಬಬೇಡಿ.

ಹೊಸ ಡಿಸ್ಕನ್ನು ಎನ್‌ಟಿಎಫ್‌ಎಸ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಮದುವೆ ವೀಡಿಯೊ "ಫೈಲ್ ತುಂಬಾ ದೊಡ್ಡದು" ಎಂದು ನಿಂತುಬಿಡುವುದು ಇದರಿಂದ. ಪೆನ್‌ಡ್ರೈವ್‌ನಲ್ಲಿ 20 ಜಿಬಿ ಖಾಲಿ ಇದ್ದರೂ ಅದೇ ಕಥೆ. ಎಕ್ಸ್‌ಫ್ಯಾಟ್‌ನಲ್ಲಿ ಈ ತೊಂದರೆ ಇಲ್ಲ, ಮ್ಯಾಕ್‌ನಲ್ಲೂ ಬರೆಯಬಹುದು. ಆದರೆ ನಡುವೆ ಕರೆಂಟು ಹೋದರೆ ತಡೆದುಕೊಳ್ಳುವ ಶಕ್ತಿ ಎನ್‌ಟಿಎಫ್‌ಎಸ್‌ಗೆ ಜಾಸ್ತಿ. ನಮ್ಮೂರಿಗೆ ಅದೇ ಸರಿ. ಫಾರ್ಮ್ಯಾಟ್ ಮಾಡಿದರೆ ಡಿಸ್ಕಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ.

ಒಂದು ನೋಟ್‌ಬುಕ್ಕು, ಪೆನ್ನು ಕೂಡ ಇಟ್ಟುಕೊಳ್ಳಿ. ಲೆಕ್ಕ ಬರೆಯಲು.

ಇನ್ನು ಹೊತ್ತು. ತುಲಾ ತಿಂಗಳಲ್ಲಿ (ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನವರೆಗೆ), ಏಪ್ರಿಲ್ ಮೇ ತಿಂಗಳಲ್ಲಿ ಮಧ್ಯಾಹ್ನ ಕಳೆದ ಮೇಲೆ ಗುಡುಗು ಸಿಡಿಲು ಗ್ಯಾರಂಟಿ. ಬೆಳಿಗ್ಗೆ ಶುರು ಮಾಡಿ. ಹಳೆಯದು ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬ್ಯಾಟರಿ ಎಷ್ಟು ನಿಮಿಷ ನಿಲ್ಲುತ್ತದೆ ಎಂದು ಮೊದಲೇ ನೋಡಿ. ಗುಡುಗು ಕೇಳಿದರೆ ಕಾಪಿ ನಿಲ್ಲಿಸಿ, ಡಿಸ್ಕ್ ತೆಗೆದು, ಪ್ಲಗ್ ಕೀಳಿ. ಇಂಟರ್‌ನೆಟ್ ಕೇಬಲ್ ಕೂಡ. ಅರ್ಧ ಆದ ಕಾಪಿಯನ್ನು ಮತ್ತೆ ಮಾಡಬಹುದು.

## ಹಂತ 1: ಹಳೆಯ ಡಿಸ್ಕಿನ ನಾಡಿ ನೋಡಿ

ಎಂಟು ಹತ್ತು ವರ್ಷ ತಿರುಗಿದ ಹಾರ್ಡ್ ಡಿಸ್ಕಿಗೆ ಒಂದೇ ದಿನ ಇನ್ನೂರು ಜಿಬಿ ಓದುವ ಕೆಲಸ ಕೊಡುವುದು ದೊಡ್ಡ ಹೊರೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಪ್ರೋಗ್ರಾಂ ಹಾಕಿ ನೋಡಿ. ನೀಲಿಯಲ್ಲಿ "ಗುಡ್" ಎಂದರೆ ಮುಂದುವರಿಯಿರಿ. ಹಳದಿಯಲ್ಲಿ "ಕಾಷನ್" ಎಂದರೆ ಅವಸರ ಮಾಡಿ. ಕೆಂಪಾದರೆ ಇವತ್ತೇ.

ಕಿವಿಯಿಂದಲೂ ತಿಳಿಯುತ್ತದೆ. ಟಿಕ್ ಟಿಕ್ ಎಂದು ಒಂದೇ ಲಯದಲ್ಲಿ ಬಡಿಯುವ ಸದ್ದು, ಒಂದು ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಕಾಯಿಸುವುದು, "ಸೈಕ್ಲಿಕ್ ರಿಡಂಡೆನ್ಸಿ ಚೆಕ್" ಎಂಬ ಎರರ್. ಇವು ಬಂದರೆ ಡಿಸ್ಕ್ ಸಾಯುತ್ತಿದೆ ಎಂದರ್ಥ. ಆಗ ಎರಡು ಕೆಲಸ ಮಾಡಲೇಬೇಡಿ: ಡಿಫ್ರಾಗ್ (ಚದುರಿದ ಫೈಲ್ ತುಂಡುಗಳನ್ನು ಒತ್ತಟ್ಟಿಗೆ ಜೋಡಿಸುವುದು) ಮತ್ತು ಚೆಕ್‌ಡಿಸ್ಕ್ (ಡಿಸ್ಕಿನ ತಪ್ಪು ಹುಡುಕಿ ಸರಿಮಾಡುವುದು). ಎರಡೂ ಸುಸ್ತಾದ ಡಿಸ್ಕನ್ನು ಇನ್ನಷ್ಟು ಓಡಿಸುತ್ತವೆ. ಇಡೀ ಡ್ರೈವನ್ನು ಒಟ್ಟಿಗೆ ಕಾಪಿ ಮಾಡಲೂ ಹೋಗಬೇಡಿ. ಮತ್ತೆ ಸಿಗದ ಫೋಟೊಗಳ ಫೋಲ್ಡರನ್ನು ಮೊದಲು ಕಾಪಿ ಮಾಡಿ. ಸಿನಿಮಾ ಹಾಡು ಕೊನೆಗೆ, ಅದು ಎಲ್ಲಿಯೂ ಸಿಗುತ್ತದೆ. ಡಿಸ್ಕ್ ಕಾಣಿಸಿಕೊಳ್ಳುವುದನ್ನೇ ನಿಲ್ಲಿಸಿದರೆ ಮತ್ತೆ ಮತ್ತೆ ಆನ್ ಆಫ್ ಮಾಡಬೇಡಿ. ಡೇಟಾ ರಿಕವರಿ ಗೊತ್ತಿದ್ದವರಿಗೆ ಕೊಡಿ.

## ಹಂತ 2: ಯಾವುದು ಎಲ್ಲಿ ಅಡಗಿದೆ ಎಂದು ಹುಡುಕಿ

ಈ ಹಂತಕ್ಕೆ ಒಂದು ಸಂಜೆ ಪೂರ್ತಿ ಕೊಡಿ. ಜನ ಸೋಲುವುದು ಹೆಚ್ಚಾಗಿ ಇಲ್ಲೇ. "ಎಲ್ಲ ಡಿ ಡ್ರೈವ್‌ನಲ್ಲೇ ಇದೆ" ಎನ್ನುತ್ತಾರೆ. ನೋಡಿದರೆ ಡೆಸ್ಕ್‌ಟಾಪ್‌ನಲ್ಲಿ "ನ್ಯೂ ಫೋಲ್ಡರ್ 3"ರೊಳಗೆ ಉಪನಯನದ ಫೋಟೊ ಇರುತ್ತದೆ. ಡೌನ್‌ಲೋಡ್ಸ್‌ನಲ್ಲಿ ವಾಟ್ಸಾಪ್‌ನಲ್ಲಿ ಬಂದ ಚಿತ್ರಗಳು. ಮ್ಯೂಸಿಕ್ ಫೋಲ್ಡರಿನಲ್ಲಿ ಯಾರೋ ಪೆನ್‌ಡ್ರೈವ್‌ನಿಂದ ಹಾಕಿಕೊಟ್ಟ ಬಯಲಾಟದ ವೀಡಿಯೊ. ಮಕ್ಕಳ ಹೆಸರಿನಲ್ಲಿ ಬೇರೆ ಯೂಸರ್ ಅಕೌಂಟ್ ಇದ್ದರೆ ಅದರ ಪಿಕ್ಚರ್ಸ್ ಫೋಲ್ಡರೇ ಬೇರೆ.

ಊಹೆ ಬೇಡ. ಮೊದಲು ಸಿ ಡ್ರೈವ್ ತೆರೆಯಿರಿ, ಮೇಲಿನ ಹುಡುಕುವ ಪೆಟ್ಟಿಗೆಯಲ್ಲಿ ಫೈಲ್‌ಗಳ ಕೊನೆಯಲ್ಲಿ ಬರುವ ಅಕ್ಷರಗಳನ್ನು ಹಾಕಿ: ಫೋಟೊಗೆ ಜೆಪಿಜಿ, ಹಾಡಿಗೆ ಎಂಪಿ3, ವೀಡಿಯೊಗೆ ಎಂಪಿ4, ಹಳೆಯ ಕ್ಯಾಮೆರಾದ್ದಾದರೆ ಎವಿಐ ಅಥವಾ ಎಂಟಿಎಸ್. ಆಮೇಲೆ ಡಿ ಡ್ರೈವ್, ಇ ಡ್ರೈವ್. ಬಂದ ಪಟ್ಟಿಯಿಂದ ಫೋಲ್ಡರುಗಳ ಹೆಸರು ಬರೆದುಕೊಳ್ಳಿ.

ಫೋಟೊ ನೋಡಲು, ತಿದ್ದಲು ಪಿಕಾಸಾ ಎಂಬ ಪ್ರೋಗ್ರಾಂ ಬಳಸುತ್ತಿದ್ದವರು ಇಲ್ಲಿ ನಿಲ್ಲಿ. ಗೂಗಲ್ ಅದನ್ನು 2016ರಲ್ಲಿ ಕೈಬಿಟ್ಟರೂ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇನ್ನೂ ನಡೆಯುತ್ತಿದೆ. ಪಿಕಾಸಾದಲ್ಲಿ ನೀವು ಕತ್ತರಿಸಿದ್ದು, ಬೆಳಕು ಹೆಚ್ಚಿಸಿದ್ದು ಮೂಲ ಫೋಟೊದೊಳಗೆ ಇರುವುದಿಲ್ಲ. ಪ್ರತಿ ಫೋಲ್ಡರಿನಲ್ಲೂ ಪಿಕಾಸಾ ಹೆಸರಿನ ಒಂದು ಅಡಗಿದ ಐಎನ್‌ಐ ಫೈಲಿನಲ್ಲಿ ಆ ಸೂಚನೆಗಳಿರುತ್ತವೆ. "ಸೇವ್" ಒತ್ತಿದ್ದರೆ ಮಾತ್ರ ಫೋಟೊ ಬದಲಾಗುತ್ತದೆ, ಮೂಲಪ್ರತಿ ಇನ್ನೊಂದು ಅಡಗಿದ ಫೋಲ್ಡರಿಗೆ ಹೋಗುತ್ತದೆ. ಹಾಗಾಗಿ ಸಾಗಿಸುವ ಮೊದಲು ಪಿಕಾಸಾ ತೆರೆದು, ತಿದ್ದಿದ ಫೋಟೊಗಳಿಗೆಲ್ಲ ಸೇವ್ ಕೊಡಿ. ಆಲ್ಬಂಗಳೂ ಮುಖ ಗುರುತಿಸಿದ ಹೆಸರುಗಳೂ ಬೇಕಾದರೆ ನಿಮ್ಮ ಯೂಸರ್ ಫೋಲ್ಡರಿನೊಳಗೆ ಆ್ಯಪ್‌ಡೇಟಾ, ಲೋಕಲ್, ಗೂಗಲ್ ಎಂದು ಇಳಿದು ಪಿಕಾಸಾ2, ಪಿಕಾಸಾ2ಆಲ್ಬಮ್ಸ್ ಎಂಬ ಎರಡು ಫೋಲ್ಡರುಗಳನ್ನು ಪಟ್ಟಿಗೆ ಸೇರಿಸಿ.

ಮೋಡದ ಗುರುತು ಇದೆಯೇ? ಫೈಲಿನ ಪಕ್ಕ ನೀಲಿ ಮೋಡದ ಚಿತ್ರ ಕಂಡರೆ ಆ ಫೋಟೊ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲ. ಒನ್‌ಡ್ರೈವ್‌ನಲ್ಲಿ, ಅಂದರೆ ಇಂಟರ್‌ನೆಟ್ಟಿನಲ್ಲಿರುವ ಮೈಕ್ರೋಸಾಫ್ಟಿನ ಸಂಗ್ರಹದಲ್ಲಿ ಇದೆ, ಇಲ್ಲಿ ಹೆಸರು ಮಾತ್ರ. ಅದರ ಮೇಲೆ ಬಲ ಕ್ಲಿಕ್ ಮಾಡಿ "ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್" ಕೊಡಿ. ಹಸಿರು ಗುರುತು ಬರುವವರೆಗೆ ಕಾಯಿರಿ.

ಸಿಡಿ, ಡಿವಿಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಹಾಕುವ ಜಾಗವೇ ಇಲ್ಲ. ಕಪಾಟಿನಲ್ಲಿ ಇರುವ ಮದುವೆ ಡಿವಿಡಿಗಳನ್ನು ಹಳೆಯ ಕಂಪ್ಯೂಟರಿನಲ್ಲೇ ಈಗಲೇ ಕಾಪಿ ಮಾಡಿಬಿಡಿ. ವೀಡಿಯೊ ಟಿಎಸ್ ಎಂಬ ಫೋಲ್ಡರನ್ನು ಇಡಿಯಾಗಿ ತೆಗೆದುಕೊಳ್ಳಿ, ಒಂದೊಂದು ಡಿವಿಡಿಗೆ ಒಂದೊಂದು ಹೆಸರಿನ ಫೋಲ್ಡರ್ ಮಾಡಿ. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದಿದ್ದರೆ ಮೆತ್ತಗಿನ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿ. ಸುತ್ತ ತಿರುಗಿಸಿ ಉಜ್ಜಬಾರದು.

## ಹಂತ 3: ಲೆಕ್ಕ ಬರೆದಿಡಿ

ಪಟ್ಟಿಯ ಪ್ರತಿ ಫೋಲ್ಡರಿನ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್. ಅಲ್ಲಿ ಫೈಲ್‌ಗಳ ಸಂಖ್ಯೆ, ಒಟ್ಟು ಬೈಟ್‌ಗಳು ಕಾಣುತ್ತವೆ. ನೋಟ್‌ಬುಕ್ಕಿನಲ್ಲಿ ಬರೆಯಿರಿ. "ಸೈಜ್" ಎಂಬುದನ್ನು ಬರೆಯಬೇಕು, "ಸೈಜ್ ಆನ್ ಡಿಸ್ಕ್" ಅಲ್ಲ. ಎರಡನೆಯದು ಡಿಸ್ಕಿನಿಂದ ಡಿಸ್ಕಿಗೆ ಬದಲಾಗುತ್ತದೆ, ಸುಮ್ನೆ ಗಾಬರಿ ಹುಟ್ಟಿಸುತ್ತದೆ.

ಐದು ನಿಮಿಷದ ಕೆಲಸ. ಆದರೂ ಹತ್ತರಲ್ಲಿ ಒಂಬತ್ತು ಜನ ಮಾಡುವುದಿಲ್ಲ.

## ಹಂತ 4: ಹೊಸ ಕಂಪ್ಯೂಟರಿನಲ್ಲಿ ಜಾಗ ಸಿದ್ಧ ಮಾಡಿ

ಇಲ್ಲಿ ಒಂದು ಗುಟ್ಟು ಇದೆ. ಹಳೆಯದರಲ್ಲಿ ಫೋಟೊಗಳು ಡಿ ಡ್ರೈವ್‌ನ "ಫೋಟೊ" ಫೋಲ್ಡರಿನಲ್ಲಿ ಇದ್ದರೆ ಹೊಸದರಲ್ಲೂ ಡಿ ಡ್ರೈವ್‌ನ "ಫೋಟೊ" ಫೋಲ್ಡರಿನಲ್ಲೇ ಇರಲಿ. ಪ್ಲೇಲಿಸ್ಟ್, ಪಿಕಾಸಾ, ಹಾಡು ನುಡಿಸುವ ಪ್ರೋಗ್ರಾಂ ಎಲ್ಲವೂ ಫೈಲನ್ನು ವಿಳಾಸದಿಂದ ಹುಡುಕುತ್ತವೆ. ವಿಳಾಸ ಬದಲಾಗದಿದ್ದರೆ ಅರ್ಧ ತಲೆನೋವು ಕಡಿಮೆ.

ಹೊಸ ಲ್ಯಾಪ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಸಿ ಡ್ರೈವ್ ಒಂದೇ ಇರುತ್ತದೆ. ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಸಿ ಡ್ರೈವನ್ನು "ಶ್ರಿಂಕ್ ವಾಲ್ಯೂಮ್" ಕೊಟ್ಟು ಕುಗ್ಗಿಸಿ, ಸಿಕ್ಕಿದ ಖಾಲಿ ಜಾಗದಲ್ಲಿ ಹೊಸ ವಾಲ್ಯೂಮ್ ಮಾಡಿ ಡಿ ಅಕ್ಷರ ಕೊಡಿ. ಹೊಸದು ಖಾಲಿ ಇರುವಾಗಲೇ ಮಾಡಿದರೆ ಸಲೀಸು. ಅಲ್ಲಿ ಕಾಣುವ ರಿಕವರಿ, ಇಎಫ್‌ಐ ಎಂಬ ಚಿಕ್ಕ ಭಾಗಗಳನ್ನು ಮುಟ್ಟಬೇಡಿ.

ಇನ್ನೆರಡು ಅಪಾಯ ಹೊಸ ಕಂಪ್ಯೂಟರಿನಲ್ಲೇ ಕಾದಿರುತ್ತವೆ.

ಮೊದಲನೆಯದು ಒನ್‌ಡ್ರೈವ್. ವಿಂಡೋಸ್ 11 ಹೊಂದಿಸುವಾಗ ಪಿಕ್ಚರ್ಸ್, ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಫೋಲ್ಡರುಗಳನ್ನು ಅದು ತನ್ನ ಕೈಗೆ ತೆಗೆದುಕೊಂಡಿರಬಹುದು. ಉಚಿತವಾಗಿ ಸಿಗುವುದು 5 ಜಿಬಿ. ನೀವು ಪಿಕ್ಚರ್ಸ್‌ಗೆ 200 ಜಿಬಿ ಸುರಿದರೆ ಮೊಬೈಲ್ ಡೇಟಾ ಖಾಲಿ, "ಜಾಗ ಇಲ್ಲ" ಎಂಬ ಸಂದೇಶ ದಿನಾ. ಒನ್‌ಡ್ರೈವ್ ಸೆಟ್ಟಿಂಗ್ಸ್‌ನಲ್ಲಿ ಈ ಫೋಲ್ಡರುಗಳ ಬ್ಯಾಕಪ್ ನಿಲ್ಲಿಸಿ, ಫೋಟೊಗಳನ್ನು ಡಿ ಡ್ರೈವ್‌ಗೆ ಹಾಕಿ.

ಎರಡನೆಯದು ಡಿಸ್ಕಿನ ಬೀಗ. ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆದರೆ ಹಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ತಾನಾಗಿಯೇ ಆನ್ ಆಗುತ್ತದೆ. ಮುಂದೆ ಎಂದಾದರೂ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅಂಗಡಿಯವರು ಅವರದ್ದೇ ಇಮೇಲ್ ಹಾಕಿ ಶುರು ಮಾಡಿಕೊಟ್ಟಿದ್ದರೆ ಆ ಕೀ ಅವರ ಖಾತೆಗೆ ಹೋಗುತ್ತದೆ! ಪರಿಚಯದ ಒಂದು ಮನೆಯಲ್ಲಿ ಹೀಗೇ ಆಗಿತ್ತು, ಎರಡು ವಾರ ಅಲೆದಾಡಿದರು. ಸ್ವಂತ ಖಾತೆ ಹಾಕಿ, ಕೀಯನ್ನು ಕಾಗದದ ಮೇಲೆ ಬರೆದು ಆಧಾರ್, ಪಾಸ್‌ಬುಕ್ ಇಡುವ ಕಡೆ ಇಡಿ.

## ಹಂತ 5: ಹಳೆಯದರಿಂದ ಪೋರ್ಟಬಲ್ ಡಿಸ್ಕಿಗೆ

ಹಳೆಯ ಕಂಪ್ಯೂಟರಿನ ಸ್ಲೀಪ್ ಸೆಟ್ಟಿಂಗನ್ನು "ನೆವರ್" ಮಾಡಿ. ಡೆಸ್ಕ್‌ಟಾಪ್ ಆದರೆ ಡಿಸ್ಕನ್ನು ಹಿಂಬದಿಯ ಯುಎಸ್‌ಬಿಗೆ ನೇರವಾಗಿ ಚುಚ್ಚಿ, ಮುಂದಿನ ಸಡಿಲ ಪೋರ್ಟಿಗೆ ಬೇಡ. ಒಳಗೆ ನೀಲಿ ಬಣ್ಣ ಇದ್ದರೆ ಹೆಚ್ಚಾಗಿ ಯುಎಸ್‌ಬಿ 3, ವೇಗ ಚೆನ್ನಾಗಿರುತ್ತದೆ. ಯುಎಸ್‌ಬಿ 2 ಆದರೆ ಸೆಕೆಂಡಿಗೆ ಸುಮಾರು 30 ಎಂಬಿ. 200 ಜಿಬಿಗೆ ಎರಡು ಗಂಟೆ ಎಂದು ಲೆಕ್ಕ ಸಿಗುತ್ತದೆ, ಆದರೆ ಚಿಕ್ಕ ಚಿಕ್ಕ ಫೈಲ್‌ಗಳು ಸಾವಿರಾರು ಇದ್ದರೆ ನಾಲ್ಕು ಗಂಟೆಯೂ ಆಗಬಹುದು.

ಈಗ ಕಾಪಿ. ಕಟ್ ಅಲ್ಲ, ಕಾಪಿ.

ಫೋಲ್ಡರನ್ನೇ ಹಿಡಿದು ಕಾಪಿ ಮಾಡಿ. ಒಳಗೆ ಹೋಗಿ ಕಂಟ್ರೋಲ್-ಎ ಒತ್ತಿ ಎಲ್ಲವನ್ನೂ ಆರಿಸಿದರೆ ಅಲ್ಲಿ ಕಣ್ಣಿಗೆ ಕಾಣದ ಫೈಲ್‌ಗಳು ಆಯ್ಕೆಯಾಗುವುದಿಲ್ಲ. ಪಿಕಾಸಾದ ಐಎನ್‌ಐ ಕಳೆದುಹೋಗುವುದು ಹೀಗೇ.

ಪ್ರತಿಯೊಂದು ಮೂಲ ಫೋಲ್ಡರಿಗೂ ಪೋರ್ಟಬಲ್ ಡಿಸ್ಕಿನಲ್ಲಿ ಬೇರೆ ಫೋಲ್ಡರ್ ಇರಲಿ: "ಡೆಸ್ಕ್‌ಟಾಪ್‌ನಿಂದ", "ಡೌನ್‌ಲೋಡ್ಸ್‌ನಿಂದ", "ಡಿ ಡ್ರೈವ್ ಫೋಟೊ". ಎಲ್ಲ ಫೋಟೊಗಳನ್ನು ಒಂದೇ ಫೋಲ್ಡರಿಗೆ ಸುರಿಯಬೇಡಿ. ಕ್ಯಾಮೆರಾದ ಸಂಖ್ಯೆ 9999 ಆದ ಮೇಲೆ ಮತ್ತೆ 0001ಕ್ಕೆ ಬರುತ್ತದೆ. ಎರಡು ಕ್ಯಾಮೆರಾ ಇದ್ದರಂತೂ ಒಂದೇ ಹೆಸರಿನ ಬೇರೆ ಬೇರೆ ಫೋಟೊಗಳು ಎಷ್ಟೋ. ಆಗ ವಿಂಡೋಸ್ "ರಿಪ್ಲೇಸ್ ಮಾಡಲೇ?" ಎಂದು ಕೇಳುತ್ತದೆ. ಹೌದು ಎಂದರೆ 2025ರ ಮಧೂರು ದೇವಸ್ಥಾನದ ಮೂಡಪ್ಪ ಸೇವೆಯ ಫೋಟೊ ಹೋಗಿ ಯಾವುದೋ ಅಡಿಕೆ ಅಂಗಳದ ಫೋಟೊ ಅಲ್ಲಿ ಕೂರುತ್ತದೆ. ಆ ಪ್ರಶ್ನೆ ಬಂತೆಂದರೆ ನೀವು ತಪ್ಪು ಜಾಗಕ್ಕೆ ಹಾಕುತ್ತಿದ್ದೀರಿ. ಕ್ಯಾನ್ಸಲ್ ಕೊಟ್ಟು ನೋಡಿ.

ದೊಡ್ಡ ಸಂಗ್ರಹ ಇದ್ದರೆ ವಿಂಡೋಸಿನ ಕಾಪಿಗಿಂತ ಟೆರಾಕಾಪಿ ಎಂಬ ಪ್ರೋಗ್ರಾಂ ಒಳ್ಳೆಯದು ಎಂದು ನನ್ನ ಅನುಭವ. ಒಂದು ಫೈಲ್ ಹಾಳಾಗಿದ್ದರೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ, ಯಾವುದು ಬಿಟ್ಟುಹೋಯಿತು ಎಂದು ಕೊನೆಗೆ ಹೇಳುತ್ತದೆ. ಅದರಲ್ಲಿ "ವೆರಿಫೈ" ಆನ್ ಮಾಡಿದರೆ ಬರೆದದ್ದನ್ನು ಮತ್ತೆ ಓದಿ ಹೋಲಿಸುತ್ತದೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

"ಹೆಸರು ತುಂಬಾ ಉದ್ದ" ಎಂಬ ಎರರ್ ಕನ್ನಡದಲ್ಲಿ ಹೆಸರಿಟ್ಟವರಿಗೆ ಬೇಗ ಬರುತ್ತದೆ. ಡ್ರೈವ್ ಅಕ್ಷರದಿಂದ ಫೈಲ್ ಹೆಸರಿನ ಕೊನೆಯವರೆಗೆ ಒಟ್ಟು 260 ಅಕ್ಷರ ಎಂಬ ಹಳೆಯ ಮಿತಿ ವಿಂಡೋಸಿನಲ್ಲಿ ಇದೆ. ಕನ್ನಡದ ಗುಣಿತ, ಒತ್ತು ಎಲ್ಲ ಅದರ ಲೆಕ್ಕದಲ್ಲಿ ಬೇರೆ ಬೇರೆ. "ಯಕ್ಷಗಾನ" ನಮಗೆ ನಾಲ್ಕು ಅಕ್ಷರ, ಕಂಪ್ಯೂಟರಿಗೆ ಏಳು. ಹಾಗಿರುವಾಗ ಆಟದ ಹೆಸರು, ಊರು, ಭಾಗವತರು, ತಾರೀಕು ಎಲ್ಲವನ್ನೂ ಫೋಲ್ಡರಿನೊಳಗೆ ಫೋಲ್ಡರಿಗೆ ಇಟ್ಟರೆ ಮುಗಿಯಿತು. ಫೈಲ್ ಹೆಸರು ಮುಟ್ಟಬೇಡಿ, ಹೊರಗಿನ ಫೋಲ್ಡರಿನ ಹೆಸರು ಚಿಕ್ಕದು ಮಾಡಿ. ಸಾಕಾಗುತ್ತದೆ.

ಕೆಲವು ಹೆಸರುಗಳು ವಿಚಿತ್ರ ಗುರುತುಗಳಾಗಿ ಕಂಡರೆ ಹೆದರಬೇಕಿಲ್ಲ. ಯೂನಿಕೋಡ್ ಅಲ್ಲದ, "ನುಡಿ", "ಬರಹ" ಎಂಬ ಕನ್ನಡ ಟೈಪಿಂಗ್ ಪ್ರೋಗ್ರಾಮುಗಳ ಹಳೆಯ ಅಕ್ಷರಗಳನ್ನು ಹಾಗೇ ಅಂಟಿಸಿದ ಹೆಸರುಗಳು ಅವು. ಹಳೆಯದರಲ್ಲೂ ಹಾಗೇ ಇದ್ದವು. ಒಳಗಿನ ಫೋಟೊ ಸರಿಯೇ ಇರುತ್ತದೆ.

ಅಡ್ಡದಾರಿ ಬೇಡ ಎಂದು ಒಂದೆರಡು ಮಾತು. ಫೋಟೊಗಳನ್ನು ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಂಡರೆ ಚಿತ್ರ ಕುಗ್ಗುತ್ತದೆ, ತೆಗೆದ ತಾರೀಕೂ ಅಳಿಸಿಹೋಗುತ್ತದೆ. ಫೋನಿಗೆ ಹಾಕಿ ಫೋನಿನಿಂದ ಹೊಸದಕ್ಕೆ ಎಂದರೂ ಫೈಲಿನ ತಾರೀಕು ಇವತ್ತಿನದಾಗುವುದುಂಟು. ವಾಟ್ಸಾಪ್‌ನಲ್ಲಿ ಬಂದ ಫೋಟೊಗಳಿಗೆ ಹೆಸರಿನಲ್ಲಿರುವ ತಾರೀಕೇ ಗತಿ, ಅವುಗಳ ಹೆಸರು ಬದಲಿಸಬೇಡಿ. ಮತ್ತೆ, ಎರಡು ಕಂಪ್ಯೂಟರುಗಳ ನಡುವೆ ಎರಡೂ ತುದಿ ಒಂದೇ ರೀತಿಯ ಸಾದಾ ಯುಎಸ್‌ಬಿ ಕೇಬಲ್ ಚುಚ್ಚಬೇಡಿ. ಫೈಲ್ ಹೋಗುವುದಿಲ್ಲ, ಪೋರ್ಟ್ ಹೋಗಬಹುದು.

## ಹಂತ 6: ತಾಳೆ ನೋಡಿ

ಪೋರ್ಟಬಲ್ ಡಿಸ್ಕಿನ ಪ್ರತಿ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ನೋಟ್‌ಬುಕ್ಕಿನ ಲೆಕ್ಕಕ್ಕೆ ಹೋಲಿಸಿ. ಒಂದೋ ಎರಡೋ ಫೈಲ್ ಜಾಸ್ತಿ ಬಂದರೆ ಅದು ವಿಂಡೋಸ್ ತಾನೇ ಹುಟ್ಟಿಸುವ ಥಂಬ್ಸ್ ಅಥವಾ ಡೆಸ್ಕ್‌ಟಾಪ್ ಐಎನ್‌ಐ ಇರಬಹುದು. ಕಡಿಮೆ ಬಂದರೆ ಒಂದೇ ಒಂದಾದರೂ ಹುಡುಕಿ. ಫ್ರೀಫೈಲ್‌ಸಿಂಕ್ ಎಂಬ ಪ್ರೋಗ್ರಾಂ ಎರಡೂ ಕಡೆಯ ಫೋಲ್ಡರನ್ನು ಪಕ್ಕಪಕ್ಕ ಇಟ್ಟು ಯಾವುದು ಇಲ್ಲ ಎಂದು ತೋರಿಸುತ್ತದೆ. ಅದರಲ್ಲಿ "ಕಂಪೇರ್" ಮಾತ್ರ ಒತ್ತಿ. "ಸಿಂಕ್ರೊನೈಸ್"ನ ಮಿರರ್ ವಿಧಾನ ದಿಕ್ಕು ತಪ್ಪಿದರೆ ಮೂಲದಿಂದಲೇ ಅಳಿಸಿಬಿಡುತ್ತದೆ.

ಆಮೇಲೆ ಕಣ್ಣಿನಿಂದ. ಪ್ರತಿ ವರ್ಷದ ಫೋಲ್ಡರಿನಿಂದ ನಾಲ್ಕು ಫೋಟೊ, ಎರಡು ವೀಡಿಯೊ ತೆರೆಯಿರಿ. ವೀಡಿಯೊವನ್ನು ಕೊನೆಯ ನಿಮಿಷಕ್ಕೆ ಎಳೆದು ನೋಡಿ. ಅರ್ಧ ಕಾಪಿಯಾದ ವೀಡಿಯೊ ಶುರುವಿನಲ್ಲಿ ಚೆನ್ನಾಗಿಯೇ ಓಡುತ್ತದೆ.

## ಹಂತ 7: ಪೋರ್ಟಬಲ್ ಡಿಸ್ಕಿನಿಂದ ಹೊಸದಕ್ಕೆ

"ಸೇಫ್ಲಿ ರಿಮೂವ್" ಕೊಟ್ಟು ಡಿಸ್ಕ್ ಕಳಚಿ, ಹೊಸದಕ್ಕೆ ಹಾಕಿ, ಮತ್ತೆ ಅದೇ ಕ್ರಮ: ಕಾಪಿ, ಲೆಕ್ಕ, ತಾಳೆ. ಐಫೋನಿನ ಫೋಟೊಗಳು ತೆರೆಯದಿದ್ದರೆ ಹಾಳಾಗಿಲ್ಲ. ಎಚ್‌ಇಐಸಿ ಮಾದರಿಗೆ ಬೇಕಾದ ಎಕ್ಸ್‌ಟೆನ್ಷನ್ ಹಾಕಬೇಕು. ವೀಡಿಯೊಗಳಿಗೆ ವಿಎಲ್‌ಸಿ ಹಾಕಿದರೆ ಹಳೆಯ ಎವಿಐ, ಎಂಟಿಎಸ್ ಎಲ್ಲ ಓಡುತ್ತವೆ.

ಫೋಟೊಗಳನ್ನು ನೋಡುವಾಗ "ಡೇಟ್ ಕ್ರಿಯೇಟೆಡ್" ಇವತ್ತಿನ ತಾರೀಕು ತೋರಿಸುತ್ತದೆ. ತಪ್ಪೇನಲ್ಲ, ಈ ಡಿಸ್ಕಿಗೆ ಬಂದ ದಿನ ಅದು. ಜೋಡಿಸಲು "ಡೇಟ್ ಟೇಕನ್" ಬಳಸಿ. ಅದು ಕ್ಯಾಮೆರಾ ಫೋಟೊದ ಒಳಗೇ ಬರೆದಿಟ್ಟದ್ದು.

## ಹಂತ 8: ಹಾಡು ಮತ್ತು ತಾಳಮದ್ದಳೆ

ಹಾಡಿನ ಫೈಲ್‌ಗಳು ಫೋಟೊಗಳ ಹಾಗೆಯೇ ಬರುತ್ತವೆ. ತಲೆಕೆಡಿಸುವುದು ಪ್ಲೇಲಿಸ್ಟ್. ಅದರೊಳಗೆ ಹಾಡು ಇರುವುದಿಲ್ಲ, ಹಾಡಿನ ವಿಳಾಸ ಮಾತ್ರ. ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ವಿಳಾಸ ಡಿ ಡ್ರೈವ್‌ನಿಂದ ಶುರುವಾಗಿದ್ದರೆ, ಹಂತ 4ರಲ್ಲಿ ಹೇಳಿದಂತೆ ಮಾಡಿದ್ದರೆ, ಸುಮ್ನೆ ಓಡುತ್ತದೆ. ಸಿ ಡ್ರೈವ್, ಯೂಸರ್ಸ್, ಹಳೆಯ ಯೂಸರ್ ಹೆಸರು ಎಂದು ಶುರುವಾಗಿದ್ದರೆ ಆ ಭಾಗವನ್ನು "ರಿಪ್ಲೇಸ್ ಆಲ್"ನಿಂದ ಹೊಸ ವಿಳಾಸಕ್ಕೆ ಬದಲಿಸಿ. ಸೇವ್ ಮಾಡುವಾಗ ಯುಟಿಎಫ್-8 ಇರಲಿ. ಎಎನ್‌ಎಸ್‌ಐ ಕೊಟ್ಟರೆ ಕನ್ನಡ ಹೆಸರುಗಳೆಲ್ಲ ಪ್ರಶ್ನೆಗುರುತುಗಳಾಗುತ್ತವೆ, ಮತ್ತೆ ವಾಪಸು ತರಲು ಆಗುವುದಿಲ್ಲ. ತಿದ್ದುವ ಮೊದಲು ಪ್ಲೇಲಿಸ್ಟಿನ ಒಂದು ಪ್ರತಿ ಇಟ್ಟುಕೊಳ್ಳಿ.

ಐಟ್ಯೂನ್ಸ್ ಬಳಸುವವರು ಹಳೆಯ ಕಂಪ್ಯೂಟರಿನಲ್ಲಿ ಮೊದಲು "ಕನ್ಸಾಲಿಡೇಟ್ ಫೈಲ್ಸ್" ಕೊಡಿ. ಬೇರೆ ಬೇರೆ ಕಡೆ ಇರುವ ಹಾಡುಗಳ ಪ್ರತಿ ಒಂದೇ ಫೋಲ್ಡರಿಗೆ ಬರುತ್ತದೆ. ಆಮೇಲೆ ಇಡೀ ಐಟ್ಯೂನ್ಸ್ ಫೋಲ್ಡರನ್ನು ಸಾಗಿಸಿ. ಹೊಸದರಲ್ಲಿ ಶಿಫ್ಟ್ ಒತ್ತಿ ಹಿಡಿದು ಐಟ್ಯೂನ್ಸ್ ತೆರೆದರೆ ಲೈಬ್ರರಿ ಎಲ್ಲಿದೆ ಎಂದು ಕೇಳುತ್ತದೆ, ಅದನ್ನು ತೋರಿಸಿ.

ಕ್ಯಾಸೆಟ್‌ನಿಂದ ಕಂಪ್ಯೂಟರಿಗೆ ತಂದ ತಾಳಮದ್ದಳೆಗಳು ನಿಮ್ಮಲ್ಲಿ ಇದ್ದರೆ ಅವೇ ಈ ಸಂಗ್ರಹದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳವು. ತಾಳಮದ್ದಳೆಯ ಹೆಸರಾಂತ ಮಾತುಗಾರ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ (ಪಾತ್ರದ ಮಾತು) ನಿಮ್ಮ ಊರಿನ ಕೂಟದಲ್ಲಿ ಯಾರೋ ರೆಕಾರ್ಡ್ ಮಾಡಿದ್ದು ಇನ್ನೆಲ್ಲೂ ಇರಲಿಕ್ಕಿಲ್ಲ. ಇವನ್ನು ವೇವ್ ಮಾದರಿಯಲ್ಲಿ ಇಟ್ಟಿದ್ದರೆ ಒಂದು ನಿಮಿಷಕ್ಕೆ ಸುಮಾರು 10 ಎಂಬಿ. ಎಂಟು ಗಂಟೆಯ ಕೂಟ 5 ಜಿಬಿ ಆಗುತ್ತದೆ. ಮಾಮೂಲಿ ವೇವ್ ಫೈಲಿನ ಮಿತಿಯೇ 4 ಜಿಬಿ, ಹಾಗಾಗಿ ರೆಕಾರ್ಡ್ ಮಾಡಿದವರು ಎರಡು ಮೂರು ತುಂಡು ಮಾಡಿರುತ್ತಾರೆ. ತುಂಡುಗಳ ಸಂಖ್ಯೆ ಎಣಿಸಿ. ಮೂರನೆಯ ತುಂಡು ಬೇರೆ ಫೋಲ್ಡರಿನಲ್ಲಿ ಕೂತಿರುವುದನ್ನು ನಾನು ಎರಡು ಸಲ ಕಂಡಿದ್ದೇನೆ. ಜಾಗ ಉಳಿಸಲು ಎಂಪಿ3 ಮಾಡಿದರೂ ಮೂಲ ವೇವ್ ಬಿಸಾಡಬೇಡಿ.

ಒಬ್ಬ ಕಲಾವಿದರ ಹೆಸರು ಒಂದರಲ್ಲಿ "ಶೇಣಿ", ಇನ್ನೊಂದರಲ್ಲಿ "ಶೇಣಿಯವರು", ಮತ್ತೊಂದರಲ್ಲಿ ಇಂಗ್ಲಿಷಿನಲ್ಲಿ ಇದ್ದರೆ ಪ್ಲೇಯರ್ ಮೂವರು ಎಂದು ತೋರಿಸುತ್ತದೆ. ತಿದ್ದಲು ಎಂಪಿ3ಟ್ಯಾಗ್ ಇದೆ. ಆದರೆ ಈ ವಾರ ಅಲ್ಲ.

## ಹಂತ 9: ಹಳೆಯದನ್ನು ಬಿಟ್ಟುಕೊಡುವ ಮುನ್ನ

ಕನಿಷ್ಠ ಒಂದು ತಿಂಗಳು ಹಳೆಯ ಕಂಪ್ಯೂಟರನ್ನು ಹಾಗೇ ಇಡಿ. ಯಾರಾದರೂ "ಆ ತೊಟ್ಟಿಲ ಫೋಟೊ ಎಲ್ಲಿ?" ಎಂದು ಕೇಳುವುದು ಆ ತಿಂಗಳಲ್ಲೇ. ಪೋರ್ಟಬಲ್ ಡಿಸ್ಕಿನ ಪ್ರತಿಯನ್ನೂ ಅಳಿಸಬೇಡಿ. ಹಳೆಯದು ಹೋದ ಮೇಲೆ ಎರಡನೆಯ ಪ್ರತಿ ಅದೇ.

ಬೇರೆಯವರಿಗೆ ಕೊಡುವುದಾದರೆ ಐಟ್ಯೂನ್ಸ್‌ನಿಂದ ಡಿಆಥರೈಸ್ ಮಾಡಿ, ಬ್ರೌಸರಿನಿಂದ ಸೈನ್ ಔಟ್ ಆಗಿ. ಆಮೇಲೆ "ರಿಸೆಟ್ ದಿಸ್ ಪಿಸಿ"ಯಲ್ಲಿ "ರಿಮೂವ್ ಎವೆರಿಥಿಂಗ್" ಆರಿಸಿ. ಡ್ರೈವ್ ಸ್ವಚ್ಛ ಮಾಡಲೇ ಎಂದು ಕೇಳಿದರೆ ಹೌದು ಎನ್ನಿ, ಎಲ್ಲ ಡ್ರೈವ್‌ಗಳನ್ನೂ ಸೇರಿಸಿ.

ಗುಜರಿಗೆ ಕೊಡುವುದಾದರೆ ಡಿಸ್ಕ್ ಬಿಚ್ಚಿ ಇಟ್ಟುಕೊಳ್ಳಿ. ಸಾಟಾದಿಂದ ಯುಎಸ್‌ಬಿಗೆ ಬದಲಿಸುವ ಕೇಬಲ್ ಇದ್ದರೆ ಅದನ್ನು ಬೇಕಾದಾಗ ಹೊಸದಕ್ಕೆ ಚುಚ್ಚಿ ನೋಡಬಹುದು. ಲ್ಯಾಪ್‌ಟಾಪ್‌ನ ಎರಡೂವರೆ ಇಂಚಿನದ್ದಕ್ಕೆ ಕೇಬಲ್ ಸಾಕು, ಡೆಸ್ಕ್‌ಟಾಪ್‌ನ ಮೂರೂವರೆ ಇಂಚಿನದ್ದಕ್ಕೆ ಬೇರೆ ಅಡಾಪ್ಟರ್ ಇರುವ ಮಾದರಿ ಬೇಕು. "ಅನುಮತಿ ಇಲ್ಲ" ಎಂದರೆ "ಕಂಟಿನ್ಯೂ" ಒತ್ತಿ ಸ್ವಲ್ಪ ಕಾಯಿರಿ. ಡಿಸ್ಕನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳ ಬಿಗಿಯಾಗುವ ಡಬ್ಬಿಯಲ್ಲಿ ಹಾಕಿ. ಮೇಲೆ ತಾರೀಕು, ಒಳಗೆ ಏನಿದೆ ಎಂದು ಬರೆಯಿರಿ. ಜೂನ್ ಬರುವ ಮೊದಲು ಪೊಟ್ಟಣ ಬದಲಿಸಿ.